641 ಎಲ್ಲಿ ಅಡಗಿತ್ತು?

‘3, 5, 17, 257, 65537 ಅವಿಭಾಜ್ಯ ಸಂಖ್ಯೆಗಳು. ಪ್ರತಿಯೊಂದರಿಂದ 1 ಕಳೆದು, ವರ್ಗ ಮಾಡಿ, 1 ಕೂಡಿಸಿದರೆ ಮುಂದಿನದು ಸಿಗುತ್ತದೆ. ಹಾಗೆ ಬರುವ 4294967297 ಕೂಡ ಅವಿಭಾಜ್ಯವೇ? ನೂರರೊಳಗಿನ ಯಾವುದರಿಂದಲೂ ಭಾಗವಾಗಲಿಲ್ಲ. ವರ್ಗಮೂಲದವರೆಗೂ ಭಾಗಿಸುತ್ತಲೇ ಹೋಗಬೇಕೇ?’ ಎಂದು ಓದುಗರೊಬ್ಬರು ಕೇಳಿದ್ದಾರೆ.

ಅವಿಭಾಜ್ಯವಲ್ಲ: 641 × 6700417 = 4294967297. ಈ ಸಾಲಿನವೆಲ್ಲ ಅವಿಭಾಜ್ಯವೆಂದೇ ಗಣಿತಜ್ಞ ಫರ್ಮಾ ನಂಬಿದ್ದರು. 1732ರಲ್ಲಿ ಇನ್ನೊಬ್ಬ ಗಣಿತಜ್ಞ ಆಯ್ಲರ್ ಆ ನಂಬಿಕೆಯನ್ನು ಮುರಿದರು.

ವರ್ಗಮೂಲ 65,536ರ ಆಸುಪಾಸಿನಲ್ಲಿದೆ, ಅಲ್ಲಿಯವರೆಗೆ 6,542 ಅವಿಭಾಜ್ಯಗಳಿವೆ. ಅಷ್ಟನ್ನೂ ಪರೀಕ್ಷಿಸುವ ಅಗತ್ಯವಿಲ್ಲ. ನಿಮ್ಮ ಸಂಖ್ಯೆ ಎಂದರೆ 2³² + 1. ಅವಿಭಾಜ್ಯ p ಇದನ್ನು ಭಾಗಿಸಿದರೆ, pಯಿಂದ ಭಾಗಿಸಿದಾಗ 2³²ರ ಶೇಷ −1 (ಅಂದರೆ p − 1), ವರ್ಗ ಮಾಡಿದಾಗ 2⁶⁴ರ ಶೇಷ 1. ಅಂದರೆ 2ರ ಘಾತಗಳ ಶೇಷ 1ಕ್ಕೆ ಮರಳಲು ಸರಿಯಾಗಿ 64 ಹೆಜ್ಜೆ ಬೇಕು, ಅದಕ್ಕಿಂತ ಕಡಿಮೆ ಸಾಲದು. ಈ ಹೆಜ್ಜೆಗಳ ಎಣಿಕೆ p − 1ನ್ನು ಭಾಗಿಸಲೇಬೇಕು. ಆದ್ದರಿಂದ p = 64k + 1 (k ಪೂರ್ಣಾಂಕ). ಈ ರೂಪದ ಅವಿಭಾಜ್ಯಗಳು 193, 257, 449, 577, 641: ಐದನೆಯದಕ್ಕೇ ಕೆಲಸ ಮುಗಿಯಿತು! ಗಣಿತಜ್ಞ ಲ್ಯೂಕಾಸ್ ಮುಂದೆ ಇದನ್ನು 128k + 1ಕ್ಕೆ ಬಿಗಿಗೊಳಿಸಿದರು. ಆಗ 257 ಬಿಟ್ಟರೆ ನೇರ 641.

ಭಾಗಾಕಾರವೇ ಇಲ್ಲದೆ ನೋಡಬೇಕೇ? 641 = 5 × 2⁷ + 1, ಅದೇ 641 = 5⁴ + 2⁴. ಮೊದಲನೆಯದರಿಂದ 5 × 2⁷ರ ಶೇಷ −1, ನಾಲ್ಕನೇ ಘಾತಕ್ಕೇರಿಸಿದರೆ 5⁴ × 2²⁸ರ ಶೇಷ 1. ಎರಡನೆಯದರಂತೆ 5⁴ರ ಜಾಗದಲ್ಲಿ −2⁴ ಇಡಿ: −2³²ರ ಶೇಷ 1. ಹಾಗಾಗಿ 2³² + 1ರ ಶೇಷ 0. ಇಷ್ಟು ಚೊಕ್ಕದಾದ ಸಾಧನೆ ಪಠ್ಯಪುಸ್ತಕಗಳಲ್ಲಿ ಅಪರೂಪ.

6700417 ಅವಿಭಾಜ್ಯವೇ ಎಂಬುದನ್ನು ಹಲವರು ನೋಡದೆ ಬಿಡುತ್ತಾರೆ. ಅದರ ಅವಿಭಾಜ್ಯ ಭಾಜಕಗಳು 2³² + 1ನ್ನೂ ಭಾಗಿಸುವುದರಿಂದ ಅವೂ 128k + 1 ರೂಪದವೇ ಆಗಬೇಕು, ವರ್ಗಮೂಲ ಸುಮಾರು 2588. ಉಳಿಯುವವು 257, 641, 769, 1153, 1409 ಮಾತ್ರ. ಶೇಷಗಳು ಕ್ರಮವಾಗಿ 170, 44, 120, 334, 622. ಅವಿಭಾಜ್ಯವೇ.

ಕಂಪ್ಯೂಟರಿನಲ್ಲಿ ಮಾಡುವವರಿಗೆ ಎರಡು ಎಚ್ಚರಿಕೆ. ಚಿಹ್ನೆಯಿಲ್ಲದ 32 ಬಿಟ್ ಪೂರ್ಣಾಂಕದಲ್ಲಿ 4294967295ಕ್ಕಿಂತ ದೊಡ್ಡದು ಹಿಡಿಯುವುದಿಲ್ಲ, ನಿಮ್ಮ ಸಂಖ್ಯೆ ಅಲ್ಲಿ ಸದ್ದಿಲ್ಲದೆ 1 ಆಗಿಬಿಡುತ್ತದೆ. ಇನ್ನು, ಫರ್ಮಾ ಪರೀಕ್ಷೆಗೆ (n ಅವಿಭಾಜ್ಯವಾದರೆ, ಅದು ಭಾಗಿಸದ ಆಧಾರ ಸಂಖ್ಯೆಯ n − 1ನೇ ಘಾತವನ್ನು nನಿಂದ ಭಾಗಿಸಿದಾಗ ಶೇಷ 1 ಬರಲೇಬೇಕು) 2ನ್ನು ಆಧಾರವಾಗಿ ತೆಗೆದುಕೊಳ್ಳಬೇಡಿ. 2⁶⁴ರ ಶೇಷ ಹೇಗೂ 1 ಆದ್ದರಿಂದ ಈ ಸಂಖ್ಯೆ ಸುಳ್ಳೇ ಪಾಸಾಗುತ್ತದೆ. 3ನ್ನು ತೆಗೆದುಕೊಂಡು 32 ಸಲ ವರ್ಗ ಮಾಡುತ್ತ, ಪ್ರತಿ ಸಲವೂ ಶೇಷವನ್ನಷ್ಟೇ ಇಟ್ಟುಕೊಳ್ಳಿ. ಕೊನೆಗೆ 1 ಬರಬೇಕಿತ್ತು, ಬರುವುದು 3029026160.

ಸಾಲಿನ ಮುಂದಿನ ಸಂಖ್ಯೆ 18446744073709551617. ಎಕ್ಸೆಲ್ 15 ಅಂಕಿಗಳನ್ನಷ್ಟೇ ಉಳಿಸಿಕೊಳ್ಳುವುದರಿಂದ ಕೊನೆಯ 1 ಅಲ್ಲಿ ಕಳೆದೇಹೋಗುತ್ತದೆ; ಪೈಥಾನ್ ಬಳಸಿ. ಈ ಸಂಖ್ಯೆ 2⁶⁴ + 1 ಆದ್ದರಿಂದ ಲ್ಯೂಕಾಸ್ ನಿಯಮ ಇಲ್ಲಿ 256k + 1 ಆಗುತ್ತದೆ; ಅದನ್ನು ಹುಡುಕುತ್ತ k = 1071ಕ್ಕೆ ಬನ್ನಿ, 274177 ಸಿಗುತ್ತದೆ.