ಬಯಾಪ್ಸಿ ಪುನಃ ಬೇಕೇ?

ಪ್ರಶ್ನೆ: ನನಗೆ 32 ವರ್ಷ. ಎರಡು ಸಲ ಮೂರು ತಿಂಗಳೊಳಗೆ ಗರ್ಭ ಹೋಯಿತು. ಮುಟ್ಟಿನ ನಡುವೆ ಆಗಾಗ ಕಂದು ಕಲೆ ಕಾಣುತ್ತದೆ. ಸ್ಕ್ಯಾನಿಂಗ್ ಸರಿಯಿದೆ. ಆರು ತಿಂಗಳ ಹಿಂದೆ ಮಂಗಳೂರಿನಲ್ಲಿ ಮಾಡಿಸಿದ ಬಯಾಪ್ಸಿಯಲ್ಲಿ ‘ಸೆಕ್ರಿಟರಿ ಎಂಡೊಮೆಟ್ರಿಯಂ, ಗ್ರಾನ್ಯುಲೋಮಾ ಇಲ್ಲ’ ಎಂದು ಬಂತು. ಈಗ ಕಾಸರಗೋಡಿನ ಡಾಕ್ಟರು ಗರ್ಭಕೋಶದ ಒಳಪೊರೆಯಲ್ಲಿ ಹಳೆಯ ಉರಿಯೂತ ಇರಬಹುದು, ಪುನಃ ಬಯಾಪ್ಸಿ ಆಗಬೇಕು ಎನ್ನುತ್ತಾರೆ. ಬೇಕೇ?
– ಓದುಗರು, ಬದಿಯಡ್ಕ

ಉತ್ತರ: ಮೊದಲ ರಿಪೋರ್ಟು ತಪ್ಪಲ್ಲ, ಆದರೆ ನಿಮ್ಮ ಡಾಕ್ಟರ ಸಂಶಯಕ್ಕೆ ಅದರಲ್ಲಿ ಉತ್ತರವಿಲ್ಲ. ‘ಸೆಕ್ರಿಟರಿ’ ಎಂದರೆ ಅಂಡ ಬಿಡುಗಡೆಯಾದ ಮೇಲಿನ, ಮುಟ್ಟಿಗೆ ಮುಂಚಿನ ಒಳಪೊರೆ. ‘ಗ್ರಾನ್ಯುಲೋಮಾ ಇಲ್ಲ’ ಎಂದರೆ ಆ ಚೂರಿನಲ್ಲಿ ಕ್ಷಯದ ಗುರುತು ಕಂಡಿಲ್ಲ, ಅಷ್ಟೆ.

ನಿಮ್ಮ ಡಾಕ್ಟರು ಹೇಳಿದ ಹಳೆಯ ಉರಿಯೂತಕ್ಕೆ ದೀರ್ಘಕಾಲದ ಎಂಡೊಮೆಟ್ರೈಟಿಸ್ ಎಂದು ಹೆಸರು. ಅದಕ್ಕೆ ಗುರುತು ಪ್ಲಾಸ್ಮಾ ಕೋಶ, ಅಂದರೆ ಒಂದು ಬಗೆಯ ಬಿಳಿ ರಕ್ತಕಣ. (ಎಂಡೊಮೆಟ್ರಿಯೋಸಿಸ್ ಬೇರೆಯೇ ಕಾಯಿಲೆ, ಹೆಸರು ಕೇಳಿ ಬೆರೆಸಿಕೊಳ್ಳಬೇಡಿ.) ಈ ಕೋಶ ಸ್ಕ್ಯಾನಿಂಗಿನಲ್ಲಿ ಕಾಣುವಂಥದ್ದಲ್ಲ. ಮಾಮೂಲು ಗುಲಾಬಿ–ನೀಲಿ ಬಣ್ಣ ಹಾಕಿದ ಸ್ಲೈಡಿನಲ್ಲೂ ಸುತ್ತಲಿನ ಕೋಶಗಳ ನಡುವೆ ಸುಲಭವಾಗಿ ತಪ್ಪಿಹೋಗುತ್ತದೆ. ‘ಸಿಡಿ 138’ ಎಂಬ ವಿಶೇಷ ಬಣ್ಣ ಹಾಕಿದರೆ ಕಂದಾಗಿ ಎದ್ದು ಕಾಣುತ್ತದೆ. ಗ್ರಂಥಿಗಳ ಗೋಡೆಯೂ ಅದೇ ಬಣ್ಣ ಹಿಡಿಯುವುದರಿಂದ ಗ್ರಂಥಿಗಳ ನಡುವಿನ ಅಂಗಾಂಶದಲ್ಲಿರುವುದನ್ನು ಮಾತ್ರ ಎಣಿಸಬೇಕು. ಎಷ್ಟಿದ್ದರೆ ಕಾಯಿಲೆ ಎಂಬುದಕ್ಕೆ ಎಲ್ಲರೂ ಒಪ್ಪಿದ ಲೆಕ್ಕವಿಲ್ಲ. ಬರೇ ‘ಪಾಸಿಟಿವ್’ ಎಂದು ಬರೆದರೆ ಸಾಲದು, ಒಂದು ಹೈ ಪವರ್ ಫೀಲ್ಡಿಗೆ (ಸೂಕ್ಷ್ಮದರ್ಶಕವನ್ನು ಹೆಚ್ಚು ಹಿಗ್ಗಿಸಿದಾಗ ಒಂದು ಸಲಕ್ಕೆ ಕಾಣುವಷ್ಟು ಜಾಗಕ್ಕೆ) ಎಷ್ಟು ಎಂದು ಬರೆಸಿಕೊಳ್ಳಿ.

ಹಾಗಾಗಿ ಮೊದಲು ಮಂಗಳೂರಿನ ಆ ಲ್ಯಾಬಿಗೇ ಹೋಗಿ. ನಿಮ್ಮ ಚೂರು ಮೇಣದ ಬ್ಲಾಕಿನಲ್ಲಿ ಇನ್ನೂ ಇದ್ದೀತು. ಲ್ಯಾಬುಗಳು ಬ್ಲಾಕುಗಳನ್ನು ವರ್ಷಗಟ್ಟಲೆ ಇಡುತ್ತವೆ. ಅದರಿಂದಲೇ ಹೊಸ ಸ್ಲೈಡ್ ಕೊಯ್ದು ಸಿಡಿ 138 ಮಾಡಬಹುದು. ಪ್ಲಾಸ್ಮಾ ಕೋಶ ಸ್ಪಷ್ಟವಾಗಿ ಸಿಕ್ಕಿದರೆ ಅದನ್ನು ಹುಡುಕಲು ಪುನಃ ಬಯಾಪ್ಸಿ ಬೇಕಿಲ್ಲ. ಸಿಗದಿದ್ದರೆ ‘ಇಲ್ಲ’ ಎಂದೇ ನಂಬಬೇಡಿ, ಏಕೆಂದರೆ ಚೂರು ತೆಗೆದ ಸಮಯ ಸರಿಯಿರಲಿಲ್ಲ. ಮುಟ್ಟು ಹತ್ತಿರ ಬಂದಂತೆ ಒಳಪೊರೆಗೆ ಬಿಳಿ ರಕ್ತಕಣಗಳು ತಾವಾಗಿಯೇ ನುಗ್ಗುತ್ತವೆ, ಓದುವುದು ಕಷ್ಟ.

ಪುನಃ ಮಾಡಿಸುವುದಾದರೆ ಮುಟ್ಟಿನ ಮೊದಲ ದಿನವನ್ನು ಒಂದೆಂದು ಎಣಿಸಿ, ರಕ್ತ ನಿಂತ ಮೇಲೆ 6ರಿಂದ 12ನೇ ದಿನದೊಳಗೆ ಮಾಡಿಸಿ. ಜೊತೆಗೆ ಹಿಸ್ಟರೋಸ್ಕೋಪಿಯೂ (ಸಣ್ಣ ಕ್ಯಾಮೆರಾ ಕೊಳವೆಯಿಂದ ಗರ್ಭಕೋಶದ ಒಳಗೆ ನೋಡುವುದು) ಆಗಲಿ. ಒಂದು ಮಿಲಿಮೀಟರಿಗೂ ಸಣ್ಣ ಪಾಲಿಪ್‌ಗಳು (ಒಳಪೊರೆಯ ಪುಟ್ಟ ಗಂಟುಗಳು), ಬಾವು, ಕೆಂಪಿನ ನಡುವೆ ಬಿಳಿ ಚುಕ್ಕೆ ಕಂಡರೆ ಸಂಶಯ ಬಲವಾಗುತ್ತದೆ. ಆದರೂ ಕಣ್ಣಿಗೆ ಕಂಡದ್ದರ ಮೇಲೆಯೇ ತೀರ್ಮಾನಿಸುವುದು ನಮಗೆ ಒಪ್ಪಿಗೆಯಿಲ್ಲ, ಚೂರು ಬೇಕೇ ಬೇಕು. ಅದನ್ನು ಎರಡು ಬಾಟಲಿಗೆ ಹಾಕಿಸಿ: ಪ್ಯಾಥಾಲಜಿಗೆ (ಸೂಕ್ಷ್ಮದರ್ಶಕದ ಪರೀಕ್ಷೆಗೆ) ಚೂರು ಕೆಡದಂತೆ ಇಡುವ ಫಾರ್ಮಲಿನ್ ದ್ರವ, ಕ್ಷಯ ಮತ್ತು ಬ್ಯಾಕ್ಟೀರಿಯಾ ಪರೀಕ್ಷೆಗೆ ಬರೇ ಸಲೈನ್ (ಉಪ್ಪುನೀರು). ಎಲ್ಲವನ್ನೂ ಫಾರ್ಮಲಿನ್‌ಗೆ ಹಾಕಿದರೆ ರೋಗಾಣು ಸತ್ತು ಕಲ್ಚರ್ (ರೋಗಾಣುವನ್ನು ಬೆಳೆಸಿ ನೋಡುವ ಪರೀಕ್ಷೆ) ಆಗುವುದಿಲ್ಲ. ನಮ್ಮಲ್ಲಿ ಹೆಚ್ಚಾಗಿ ಎಡವುವುದು ಇಲ್ಲಿಯೇ.

ಚೂರು ತೆಗೆಯುವ ಮೊದಲೇ ‘ಒಂದು ಕೋರ್ಸ್ ನೋಡೋಣ’ ಎಂದು ಆಂಟಿಬಯಾಟಿಕ್ ನುಂಗಬೇಡಿ, ಗುರುತು ಮಸುಕಾಗುತ್ತದೆ. ಖಚಿತವಾದರೆ ಸಾಮಾನ್ಯವಾಗಿ ಡಾಕ್ಸಿಸೈಕ್ಲಿನ್ 100 ಮಿಲಿಗ್ರಾಂ, ದಿನಕ್ಕೆ ಎರಡು ಸಲ, 14 ದಿನ ಕೊಡುತ್ತಾರೆ. ಗರ್ಭಿಣಿಯಲ್ಲ ಎಂದು ಖಾತ್ರಿಯಾದ ಮೇಲೆಯೇ ಶುರು ಮಾಡಬೇಕು. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳ ಜೊತೆ ಸೇರಿಸಿ ತೆಗೆದುಕೊಳ್ಳಬಾರದು. ಮುಗಿದ ಮೇಲೆ ಇನ್ನೊಂದು ಬಯಾಪ್ಸಿ ಮಾಡಿ, ಪ್ಲಾಸ್ಮಾ ಕೋಶ ಹೋಗಿದೆಯೇ ಎಂದು ನೋಡಬೇಕು.

ಉರಿಯೂತ ಸಿಕ್ಕಿದ ಮಾತ್ರಕ್ಕೆ ಗರ್ಭ ಹೋದದ್ದಕ್ಕೆ ಅದೇ ಕಾರಣ ಎನ್ನುವಂತಿಲ್ಲ. ಥೈರಾಯ್ಡ್ ಮತ್ತು ಆಂಟಿಫಾಸ್ಫೊಲಿಪಿಡ್ (ರಕ್ತ ಹೆಪ್ಪುಗಟ್ಟಿಸಿ ಗರ್ಭಪಾತಕ್ಕೆ ಕಾರಣವಾಗಬಲ್ಲ ಪ್ರತಿಕಾಯಗಳ) ಪರೀಕ್ಷೆ ಆಗಿಲ್ಲದಿದ್ದರೆ ಅವನ್ನೂ ಈಗಲೇ ಮಾಡಿಸಿ.