ಹೆಸರು ಅಳಿಸಿದರೂ ಉಳಿದ ಗುರುತು

ಸಣ್ಣ ಊರುಗಳಿಂದ ಆಪ್ತಸಲಹೆಗೆ ಬರುವವರು ತಮ್ಮ ಕಷ್ಟಕ್ಕಿಂತ ಮೊದಲು ಕೇಳುವುದು, ‘ಇದನ್ನೆಲ್ಲ ಎಲ್ಲಿ ಬರೆದಿಡ್ತೀರಿ?’ ಎಂದು. ಇವರೂ ಅದನ್ನೇ ಕೇಳಿದ್ದರು. ಸುಮಾ ಎನ್ನೋಣ; ಶಿಕ್ಷಕಿ, ವಿಪರೀತ ಆತಂಕ, ನಿದ್ದೆಯಿಲ್ಲ. (ವೃತ್ತಿ, ಮನೆಯ ವಿವರ ಎಲ್ಲ ಬದಲಿಸಿದ್ದೇನೆ, ಅವರು ಓದಿ ಒಪ್ಪಿದ್ದಾರೆ.)

ಒಂದು ದಿನ ತಾವು ಹಿಂದೆ ಹೋಗುತ್ತಿದ್ದ ಸಲಹಾ ಕೇಂದ್ರದ ಟಿಪ್ಪಣಿಯ ಜೆರಾಕ್ಸ್ ತಂದರು. ‘ಶ್ರೀಮತಿ ಎಸ್., ಪ್ರೌಢಶಾಲೆ ಗಣಿತ ಶಿಕ್ಷಕಿ, ಪತಿ ಲೈನ್‌ಮ್ಯಾನ್, ಅವಳಿ ಹೆಣ್ಣುಮಕ್ಕಳು.’ ಹಾಳೆಯ ಮೇಲೆ ಬೆರಳಿಟ್ಟು ಹೇಳಿದರು: ‘ಮೇಡಂ, ಅವಳಿ ಮಕ್ಕಳ ಗಣಿತ ಟೀಚರ್ ಅಂದ್ರೆ ಬಸ್‌ಸ್ಟ್ಯಾಂಡಲ್ಲಿ ಹೂ ಮಾರೋಳೂ ನಮ್ಮನೆ ದಾರಿ ತೋರಿಸ್ತಾಳೆ. ಹೆಸರು ಅಳಿಸಿ ಏನು ಬಂತು? ನಿಮ್ಮಲ್ಲಿ ನನ್ನ ನಿಜವಾದ ಹೆಸರು ಎಲ್ಲೂ ಬೇಡ.’

ಮೊದಲ ಮಾತು ನೂರಕ್ಕೆ ನೂರು ಸರಿ. ಎರಡನೆಯದಕ್ಕೆ ನಾನು ಒಪ್ಪಲಿಲ್ಲ. ಸಾಯುವ ಯೋಚನೆ ಬರುತ್ತದೆ ಎಂದು ಅವರೇ ಹೇಳಿದ್ದರು. ನಡುರಾತ್ರಿ ಏನಾದರೂ ಆದರೆ ಯಾರಿಗೆ ಫೋನ್ ಮಾಡಬೇಕೆಂದು ತಿಳಿಯದ ಗೌಪ್ಯತೆ ಯಾರನ್ನೂ ಕಾಯುವುದಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ಗೌಪ್ಯತೆಯನ್ನು ಹಕ್ಕು ಎನ್ನುತ್ತದೆ. ಜೀವಕ್ಕೆ ಅಪಾಯವಿದ್ದಾಗ ಬೇಕಾದಷ್ಟು ಮಾಹಿತಿ ಕೊಡಲು ದಾರಿಯನ್ನೂ ಬಿಟ್ಟಿದೆ. ಇದು ಕಠಿಣ ಎಂದು ಕೆಲವು ಸಹೋದ್ಯೋಗಿಗಳಿಗೆ ಅನ್ನಿಸಿತು. ಅನ್ನಿಸಲಿ.

ಹಾಗಾಗಿ ನಿಜವಾದ ಹೆಸರು, ವಿಳಾಸ, ತುರ್ತು ಸಂಪರ್ಕ ಒಂದೇ ಹಾಳೆಯಲ್ಲಿ, ಬೇರೆ ಬೀರುವಿನಲ್ಲಿ. ಬೀಗದ ಕೈ ನನ್ನ ಬಳಿ ಮತ್ತು ನಾನಿಲ್ಲದಾಗ ನೋಡಿಕೊಳ್ಳುವ ಒಬ್ಬರ ಬಳಿ ಮಾತ್ರ. ಫೈಲಿನ ಮೇಲೆ ಬರೀ ಸಂಖ್ಯೆ. ಆ ಸಂಖ್ಯೆ ಹುಟ್ಟಿದ ದಿನಾಂಕವೋ ಫೋನಿನ ಕೊನೆಯ ಅಂಕಿಗಳೋ ಆಗಿರಕೂಡದು. ಮೇಲ್ವಿಚಾರಕರ ಜೊತೆ ಚರ್ಚಿಸುವಾಗ ಬೇಕಾಗುವ ಹೆಸರನ್ನು ಸುಮಾ ಅವರೇ ಆರಿಸಿದರು. ಅದು ನಿಜವಾದ ಹೆಸರಿನ ಅಕ್ಷರದಿಂದಲೇ ಶುರುವಾಗುವುದು ಬೇಡ ಎಂದಷ್ಟೇ ಹೇಳಿದೆ. ಟಿಪ್ಪಣಿಯಲ್ಲಿ ‘ಗಣಿತ’ ಹೋಗಿ ‘ಸರ್ಕಾರಿ ಉದ್ಯೋಗಿ’ ಬಂತು, ‘ಅವಳಿ’ ಹೋಗಿ ‘ಇಬ್ಬರು ಮಕ್ಕಳು’. ಆದರೆ ಅವರ ನಿದ್ದೆ, ಭಯ, ಅಪಾಯದ ಬಗ್ಗೆ ಬರೆದದ್ದರಲ್ಲಿ ಒಂದಕ್ಷರವನ್ನೂ ಮುಟ್ಟಲಿಲ್ಲ. ಅದನ್ನು ಬದಲಿಸಿದರೆ ದಾಖಲೆಯೇ ಸುಳ್ಳಾಗುತ್ತದೆ.

ಗುಟ್ಟು ಸೋರುವುದು ಹೆಚ್ಚಾಗಿ ಫೈಲಿನಿಂದಲ್ಲ. ಯುಪಿಐ ಪಾವತಿಯಲ್ಲಿ ‘ಕೌನ್ಸೆಲಿಂಗ್ ಫೀಸ್’ ಎಂಬ ಟಿಪ್ಪಣಿ, ಬೀಗ ಹಾಕಿದ ಫೋನಿನ ಪರದೆಯ ಮೇಲೂ ಕಾಣುವ ವಾಟ್ಸ್ಆ್ಯಪ್ ಸಂದೇಶ, ಕಾಯುವ ಕೋಣೆಯಲ್ಲಿ ಕೂಗುವ ಹೆಸರು, ಟೇಬಲ್ ಮೇಲೆ ತೆರೆದೇ ಇರುವ ಅಪಾಯಿಂಟ್‌ಮೆಂಟ್ ಪುಸ್ತಕ. ಸುಮಾ ಅವರ ಬ್ಯಾಂಕ್ ಖಾತೆಯ ಮೆಸೇಜು ಹೋಗುತ್ತಿದ್ದುದು ಗಂಡನ ಫೋನಿಗೆ. ನಗದು ಕೊಡಿ ಎಂದೆ.

ಮನೋವೈದ್ಯರ ಚೀಟಿಗೆ ಮಾತ್ರ ನಿಜವಾದ ಹೆಸರೇ ಬೇಕು ಎಂದಾಗ ಸುಮ್ಮನಾದರು. ಮುಂದಿನ ವಾರ ಪಕ್ಕದ ಜಿಲ್ಲೆಯ ವೈದ್ಯರೊಬ್ಬರ ವಿಳಾಸ ಕೇಳಿದರು.