ಬಿಕಾಂ ಆದ ಮೇಲೆ ಸಿಎನಾ, ಬ್ಯಾಂಕಾ? ಆ ಕೆಲಸದಲ್ಲಿರುವವರನ್ನು ಏನಂತ ಕೇಳೋದು?

ನೀವು ಬಿಕಾಂ ಕೊನೆಯ ವರ್ಷ, ಸಿಎ ಓದೋದಾ ಬ್ಯಾಂಕ್ ಪರೀಕ್ಷೆಗೆ ಕೂರೋದಾ ಗೊತ್ತಾಗುತ್ತಿಲ್ಲ, ಮನೆಯಲ್ಲಿ ಯಾರೂ ಆ ಕೆಲಸದಲ್ಲಿಲ್ಲ, ಗುರುತಿಲ್ಲದವರನ್ನು ಹೇಗೆ ಮಾತಾಡಿಸೋದು ಅಂತ ಕೇಳಿದ್ದೀರಿ. ನಾನೂ ಇದೇ ಗೊಂದಲದಲ್ಲಿ ಒಂದು ವರ್ಷ ಕಳೆದವನು. ಶಿವಮೊಗ್ಗದಲ್ಲಿ ನಮ್ಮಪ್ಪನದು ಚಿಕ್ಕ ಅಂಗಡಿ.

ಮೊದಲು ನನ್ನ ಪೆದ್ದುತನ ಹೇಳಿಬಿಡುತ್ತೇನೆ. ಅಪ್ಪನ ಲೆಕ್ಕ ನೋಡುತ್ತಿದ್ದ ಆಡಿಟರ್ ಹತ್ತಿರ ಹೋಗಿ "ಸರ್, ಸಿಎ ಫೀಲ್ಡ್ ಹೇಗಿದೆ?" ಅಂದೆ. "ಚೆನ್ನಾಗಿದೆ, ಕಷ್ಟಪಡಬೇಕು ಅಷ್ಟೆ" ಅಂದರು. ಮುಗಿಯಿತು. ಆ ಪ್ರಶ್ನೆಗೆ ಅವರಾದರೂ ಇನ್ನೇನು ಹೇಳುತ್ತಾರೆ? ಅದೂ ನಾನು ಹೋಗಿದ್ದು ಸೆಪ್ಟೆಂಬರ್ ಕೊನೆಯ ವಾರ. ಟ್ಯಾಕ್ಸ್ ಆಡಿಟ್ ವರದಿಗೆ ಸೆಪ್ಟೆಂಬರ್ 30 ಕಡೇ ದಿನ. ಆ ವಾರ ಆಡಿಟರ್ ಆಫೀಸಿಗೆ ಹೋಗಿ ನನ್ನ ಭವಿಷ್ಯ ಹೇಳಿ ಅನ್ನೋದು, ಮದುವೆ ಮನೆಯಲ್ಲಿ ಪಂಕ್ತಿ ಕೂತ ಹೊತ್ತಿಗೆ ಭಟ್ಟರ ಹತ್ತಿರ ಸಾರಿನ ಪುಡಿ ಮಾಡೋದು ಹೇಗೆ ಅಂತ ಕೇಳಿದ ಹಾಗೆ.

ಉಪಯೋಗ ಆಗಿದ್ದು ಅದೇ ಆಫೀಸಿನ ಆರ್ಟಿಕಲ್ ಹುಡುಗನಿಂದ, ಅಂದರೆ ಸಿಎ ಓದುತ್ತಾ ಅಲ್ಲೇ ತರಬೇತಿಯಲ್ಲಿದ್ದವನಿಂದ. ಹೊರಗೆ ಟೀ ಕುಡಿಯುತ್ತಾ ನಿಂತಿದ್ದ. ಸುಮ್ನೆ "ನಿನ್ನೆ ಬೆಳಿಗ್ಗೆಯಿಂದ ಏನೇನು ಮಾಡಿದ್ರಿ?" ಅಂತ ಕೇಳಿದೆ. ವೋಚರ್ ತೆಗೆದು ಬಿಲ್ ಜೊತೆ ತಾಳೆ ನೋಡಿ ಟಿಕ್ ಹಾಕಿದ್ದು, ಬ್ಯಾಂಕ್ ಸ್ಟೇಟ್‌ಮೆಂಟ್ ಹೊಂದಿಸಿದ್ದು, ಮತ್ತೆ ವೋಚರ್. ನನಗೆ ಆಕಳಿಕೆ ಬಂತು. ಆಮೇಲೆ ಗೊಣಗಲು ಶುರು ಮಾಡಿದ. ಮಾರ್ಚ್ ಕೊನೆಗೆ ಅಡಿಕೆ ಮಂಡಿಯ ಗೋದಾಮಿಗೆ ದಾಸ್ತಾನು ಎಣಿಸಲು ಕಳಿಸಿದ್ದರಂತೆ. ಸೆಖೆ, ಧೂಳು, ಕೂರಲು ಜಾಗ ಇಲ್ಲ. ಪುಸ್ತಕದಲ್ಲಿ ರಾಶಿ ಅನ್ನುವ ದುಬಾರಿ ಬಗೆಯ ಅಡಿಕೆ ಅಂತ ಬರೆದಿದೆ, ಚೀಲ ಬಿಚ್ಚಿದರೆ ಕಡಿಮೆ ರೇಟಿನ ಗೊರಬಲು. ರಾಶಿಗೂ ಗೊರಬಲಿಗೂ ರೇಟಿನಲ್ಲಿ ಎಷ್ಟು ಅಂತರ ಅಂತ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಒಂದೊಂದೇ ಲಾಟ್ ಮತ್ತೆ ಎಣಿಸಿ, ರಾತ್ರಿ ಹತ್ತಾಯಿತಂತೆ. ಅವನಿಗೆ ಅದು ಶಿಕ್ಷೆ. ನಾನು ಮಾತ್ರ ಆಮೇಲೇನಾಯ್ತು, ಯಾರು ಬದಲಾಯಿಸಿದ್ದು, ಹೇಗೆ ಗೊತ್ತಾಯ್ತು ಅಂತ ಅದನ್ನೇ ಕೆದಕುತ್ತಿದ್ದೆ, ಟೀ ಆರಿ ಹೋಗಿತ್ತು. ನಾನು ಸಿಎ ಮಾಡಲಿಲ್ಲ. ಈಗ ಗೋದಾಮಿನ ದಾಸ್ತಾನು ಲೆಕ್ಕವೇ ನನ್ನ ಕೆಲಸ.

ಹಾಗಾಗಿ ದೊಡ್ಡವರನ್ನು ಬಿಡಿ, ಸೇರಿ ಎರಡು ಮೂರು ವರ್ಷ ಆದವರನ್ನು ಹಿಡಿಯಿರಿ. ಹಳಬರು ಹೇಳುವ ನಿಯಮವೂ ಹಳೆಯದಿರಬಹುದು. ಆರ್ಟಿಕಲ್‌ಶಿಪ್ ಮೊದಲು 3 ವರ್ಷ ಇತ್ತು, 2023ರ ಜುಲೈಯಿಂದ ಸೇರುವವರಿಗೆ 2 ವರ್ಷ. ಬಿಕಾಂನಲ್ಲಿ 55 ಪರ್ಸೆಂಟ್ ಬಂದರೆ ಸಿಎಯ ಮೊದಲ ಪರೀಕ್ಷೆ ಫೌಂಡೇಶನ್ ಬರೆಯದೆ ನೇರ ಎರಡನೆಯ ಹಂತ ಇಂಟರ್‌ಗೆ ಹೋಗಬಹುದು.

ಬ್ಯಾಂಕಿನವರನ್ನೂ ಹಾಗೇ ನಿನ್ನೆಯ ದಿನದ ಬಗ್ಗೆ ಕೇಳಿ. ನಾನು ಮಾತಾಡಿಸಿದ ಕ್ಲರ್ಕ್ ಒಬ್ಬರು ದುಡ್ಡು ಎಣಿಸೋದಕ್ಕಿಂತ ಪಾಸ್‌ಬುಕ್, ಪಿಂಚಣಿ, ಆಧಾರ್ ಜೋಡಣೆ ಅಂತ ಜನರ ಜೊತೆ ಮಾತಾಡೋದೇ ಜಾಸ್ತಿ ಅಂದಿದ್ದರು. ಇನ್ನೊಂದು, ಕ್ಲರ್ಕ್ ಆದರೆ ಸಾಮಾನ್ಯವಾಗಿ ಅರ್ಜಿ ಹಾಕಿದ ರಾಜ್ಯದಲ್ಲೇ ಇರುತ್ತೀರಿ, ಆಫೀಸರ್ ಆದರೆ ದೇಶದಲ್ಲಿ ಎಲ್ಲಿಗೆ ಬೇಕಾದರೂ ಹಾಕಬಹುದು. ಮನೆಯಲ್ಲಿ ವಯಸ್ಸಾದವರಿದ್ದರೆ ಇದು ಸಣ್ಣ ವಿಷಯ ಅಲ್ಲ, ಅಲ್ವಾ?

ಮೆಸೇಜ್ ಉದ್ದ ಬೇಡ. "ನಮಸ್ಕಾರ, ಬಿಕಾಂ ಕೊನೆಯ ವರ್ಷ ಓದುತ್ತಿದ್ದೇನೆ. ನಿಮ್ಮ ಕೆಲಸ ಹೇಗಿರುತ್ತೆ ಅಂತ 15 ನಿಮಿಷ ಕೇಳಬೇಕಿತ್ತು. ಕೆಲಸ ಕೊಡಿಸಿ ಅಂತ ಅಲ್ಲ. ಯಾವಾಗ ಫೋನ್ ಮಾಡಲಿ?" ಇಷ್ಟು ಸಾಕು. ಉತ್ತರ ಬರದಿದ್ದರೆ ಹತ್ತು ದಿನ ಬಿಟ್ಟು ಇನ್ನೊಂದು ಸಲ, ಆಮೇಲೆ ಬಿಟ್ಟುಬಿಡಿ. ಅವರ ಸಂಬಳ ಕೇಳಬೇಡಿ, ಹೊಸಬರಿಗೆ ಎಷ್ಟು ಕೊಡುತ್ತಾರೆ ಅಂತ ಕೇಳಿದರೆ ಯಾರೂ ಬೇಜಾರಾಗೋದಿಲ್ಲ. ಫೋನ್ ಇಡುವ ಮೊದಲು "ಇನ್ನು ಯಾರನ್ನು ಮಾತಾಡಿಸಲಿ?" ಅಂತ ಕೇಳೋದು ಮರೆಯಬೇಡಿ, ನನಗೆ ಆ ಕ್ಲರ್ಕ್ ಸಿಕ್ಕಿದ್ದು ಹಾಗೇ.

ಇವತ್ತು 18. ತಿಂಗಳ ಜಿಎಸ್‌ಟಿ ರಿಟರ್ನ್‌ಗೆ 20 ಕಡೇ ದಿನ, ಆಡಿಟರ್ ಆಫೀಸಿನವರು ಯಾರೂ ಫೋನ್ ನೋಡೋದಿಲ್ಲ. 22ಕ್ಕೆ ಮೆಸೇಜ್ ಹಾಕಿ.